ಐದು ಹಾಸಿಗೆಗಳ ನಡುವೆ ನೀಲಿ ಹುಲ್ಲು

ಅಂಬಿಕಾ ಬಸ್ಸು ಹತ್ತುವುದು ಮಸ್ಕಿಯಲ್ಲಿ. ನಾನು ಸಿಂಧನೂರಿನಿಂದ ಬರುವವಳು, ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಿಟಕಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಅವಳಿಗಾಗಿ ಹಿಡಿದಿರುತ್ತೇನೆ. ಅವಳು ಬಂದು ಕೂತು, ಸೆರಗು ಸರಿಮಾಡಿಕೊಂಡು, ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡಳೆಂದರೆ ಮುಂದಿನ ಮುಕ್ಕಾಲು ತಾಸು ಆಕೆ ಬಸ್ಸಿನಲ್ಲಿ ಇರುವುದಿಲ್ಲ. ಹೊರಗೆ ತೊಗರಿ ಹೊಲಗಳು, ಗುಂಡುಕಲ್ಲಿನ ಗುಡ್ಡಗಳು, ಹೊಗೆಯಂಥ ಬಿಸಿಲು. ಅವಳ ಬೆರಳುಗಳು ಮಾತ್ರ ಮುಂದಿನ ಸೀಟಿನ ಕಂಬಿಯ ಮೇಲೆ ಕುಣಿಯುತ್ತಿರುತ್ತವೆ.

ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಅವಳು ಬಸ್ಸಿನಲ್ಲಿ ಹೇಳಿದ್ದು.

ಅಂಬಿಕಾ ಡಯಾಲಿಸಿಸ್ ಟೆಕ್ನಿಷಿಯನ್. ಲಿಂಗಸುಗೂರಿನ ದವಾಖಾನೆಯೊಂದರಲ್ಲಿ ಐದು ಹಾಸಿಗೆಯ ಒಂದು ಕೋಣೆ, ಐದು ಮಷೀನು. ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡು ಸಲ ಬಂದು ನಾಲ್ಕು ತಾಸು ಮಲಗಬೇಕು. ತೋಳಿಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಹೋಗಿ, ಮಷೀನಿನಲ್ಲಿ ಶುದ್ಧವಾಗಿ, ಇನ್ನೊಂದರಿಂದ ಒಳಗೆ ಬರುತ್ತದೆ. ಆಕೆಗೆ ಮೂವತ್ನಾಲ್ಕು ವರ್ಷ. ಗಂಡ ಹುಲಿಗೇಶ ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾ ಕಂಪನಿ ಕ್ವಾರ್ಟರ್ಸಿನಲ್ಲಿದ್ದಾನೆ. ವಾರವೆಲ್ಲ ಇವಳು ಮಸ್ಕಿಯಲ್ಲಿ ಅಪ್ಪನ ಜೊತೆ, ರಜೆಗೆ ಹಟ್ಟಿಗೆ. ಅಪ್ಪ ಬಸ್ಸಪ್ಪನೂ ಮೂವತ್ತು ವರ್ಷ ಅದೇ ಗಣಿಯ ನೆಲದಡಿ ದುಡಿದವನು. ಕಾಲೊನಿಯಲ್ಲಿ ಬಾಬಾಸಾಹೇಬರ ಜಯಂತಿ ಬಂದರೆ ಹಾಡಿನ ಮೇಳಕ್ಕೆ ಬೆಂಜೊ ಬಾರಿಸುತ್ತಿದ್ದ. ನಮ್ಮ ಕಡೆ ಬೆಂಜೊ ಅಂದರೆ ತೊಡೆಯ ಮೇಲಿಡುವ ಉದ್ದನೆಯ ಪೆಟ್ಟಿಗೆ. ಟೈಪು ಮಾಡುವ ಮಷೀನಿನ ಹಾಗೆ ಗುಂಡಿಗಳಿರುತ್ತವೆ. ಎಡಗೈಯಲ್ಲಿ ಗುಂಡಿ ಒತ್ತಿ, ಬಲಗೈಯಲ್ಲಿ ತಂತಿ ಮೀಟಬೇಕು.

ಆ ಬೆಂಜೊದ ಎರಡು ತಂತಿ ಹರಿದಿದ್ದವು. ಒಂದು ಮಳೆಗಾಲದ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ತಂತಿ ಎಲ್ಲಿ ಸಿಗುತ್ತವೆಂದು ಅಂಬಿಕಾ ಫೋನಿನಲ್ಲಿ ಇಂಗ್ಲಿಷಿನಲ್ಲಿ ‘ಬ್ಯಾಂಜೊ’ ಎಂದು ಹುಡುಕಿದಳು. ತಂತಿ ಸಿಗಲಿಲ್ಲ. ಒಂದು ವಿಡಿಯೊ ತೆರೆದುಕೊಂಡಿತು. ಯಾವುದೋ ದೇಶದ ಹಲಗೆ ಮನೆಯ ಪಡಸಾಲೆ, ಮೂವರು ಮುದುಕರು, ಒಬ್ಬ ಹುಡುಗಿ. ಒಬ್ಬನ ಕೈಯಲ್ಲಿ ಜರಡಿಗೆ ಕೋಲು ಹಚ್ಚಿದಂಥ ವಾದ್ಯ. ಹುಡುಗಿಯ ಗದ್ದದ ಕೆಳಗೆ ಪಿಟೀಲು.

"ಇದೇನು ಅಂತ ನೋಡೂದ್ರಾಗ ಅವ ಬೆರಳು ಆಡಿಸಿದ ನೋಡ್ರಿ ಅಕ್ಕಾ," ಎಂದು ಅವಳು ಆಮೇಲೆ ನನಗೆ ಹೇಳಿದಳು. "ಒಣ ಶೇಂಗಾ ಮೊರದಾಗ ಕೇರಿದಂಗ ಆತು. ಅದರ ಮ್ಯಾಲ ಒಬ್ಬ ಮುದುಕ ದನಿ ಎತ್ತಿದ. ಗುಡ್ಡದ ಮ್ಯಾಲಿನಿಂದ ಯಾರನ್ನೋ ಕರದಂಗ. ಒಂದಕ್ಷರ ತಿಳೀಲಿಲ್ಲ. ಆದ್ರ ನನ್ನನ್ನ ಕರ್ಯಾಕತ್ತಾನ ಅನ್ನಿಸ್ತು."

ಅಂದು ಅವಳು ದವಾಖಾನೆಯ ಹತ್ತಿರ ಇಳಿಯುವುದನ್ನು ಮರೆತಳು, ನಾನು ಕರೆದದ್ದೂ ಕೇಳಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಸೀಟು ಬಡಿದು ಎಬ್ಬಿಸಿದ ಮೇಲೆ ಮಳೆಯಲ್ಲಿ ವಾಪಸು ನಡೆದಳು. ನಾನು ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ನಡೆದೆ. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಸಂಜೆ ಅಪ್ಪನಿಗೆ ತೋರಿಸಿದಳು. ಬಸ್ಸಪ್ಪ ಕನ್ನಡಕ ಹಾಕಿಕೊಂಡು ನೋಡಿದ.

"ಇದು ಬೆಂಜೊನ ಅಲ್ಲ. ಜರಡಿ ಹಿಡಕೊಂಡು ಕುಂತಾನ," ಎಂದ. ಆಮೇಲೆ ಸುಮ್ಮನೆ ಪೂರ್ತಿ ಕೇಳಿದ. "ಆದ್ರ ಕೈ ಬರೋಬ್ಬರಿ ಐತಿ. ಇದಕ್ಕೇನಂತಾರ?"

"ಬ್ಲೂಗ್ರಾಸ್ ಅಂತ ಬರದಾರಪ್ಪ. ನೀಲಿ ಹುಲ್ಲು."

"ನೀಲೀನಾ?" ಬಸ್ಸಪ್ಪ ಗೋಡೆಯ ಮೇಲಿನ ಜಯಂತಿಯ ನೀಲಿ ಬಾವುಟದ ಕಡೆ ನೋಡಿ ನಕ್ಕ. "ಹಂಗಿದ್ರ ನಮ್ಮವರ ಇರಬೇಕು ತಗಿ."

ಹೀಗೆ ಶುರುವಾಯಿತು. ಒಂದು ಹಾಡು ಇನ್ನೊಂದನ್ನು ತಂದಿತು. ಮೊದಲೆಲ್ಲ ಅಮೆರಿಕದ ಗುಡ್ಡಗಾಡಿನ ಹಳೆಯ ಓಟದ ಹಾಡುಗಳು. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವಂಥವು. ಕೆಲವು ವಾರದ ನಂತರ ಬೇರೆ ಜಾತಿಯ ಹಾಡುಗಳು ಬಂದವು. ಆಲ್ಟರ್ನೇಟಿವ್ ಕಂಟ್ರಿ ಎಂದು ಅವಕ್ಕೆ ಹೆಸರು. ಹಾಡುವವರು ಈಗಿನ ಕಾಲದವರು, ಸಣ್ಣ ಊರಿನವರು, ದಣಿದವರು. ಮುಚ್ಚಿದ ಮಿಲ್ಲು, ಪೆಟ್ರೋಲ್ ಬಂಕಿನ ದೀಪ, ಉದ್ದನೆಯ ರಸ್ತೆ, ಬಿಟ್ಟುಹೋದ ಹೆಂಡತಿ ಇವೇ ಹಾಡು. ಹಿಂದೆ ಒಂದು ಗಿಟಾರು ನೀರಿನ ಮೇಲೆ ಎಣ್ಣೆ ಹರಿದ ಹಾಗೆ ಜಾರುತ್ತಿರುತ್ತದೆ. ಅಂಬಿಕಾ ಈ ಎರಡಕ್ಕೂ ತನ್ನದೇ ಹೆಸರಿಟ್ಟಳು: ಓಡೋ ಹಾಡು, ಕೂತು ಕೇಳುವ ಕೂಡೋ ಹಾಡು.

ಒಬ್ಬಳೇ ಕೇಳಿ ಸುಮ್ಮನಿರುವ ಸ್ವಭಾವ ಅವಳದಲ್ಲ. ಮನೆಯಲ್ಲಿ ಹೋಳಿಗೆ ಮಾಡಿದರೆ ಓಣಿಗೆಲ್ಲ ಹಂಚುವವಳು. ಮೊದಲು ನನಗೆ ಕೊಟ್ಟಳು. "ಅಕ್ಕಾ, ನೀವು ಸಾಲಿ ಬಿಟ್ಟ ಮ್ಯಾಲೆ ಬಸ್ಸಿಗೆ ಕಾಯ್ತೀರಲ್ಲ, ಅವಾಗ ಇದು ಕೇಳ್ರಿ. ಈಗ ಕೇಳಬ್ಯಾಡ್ರಿ, ಹಿಡಸೂದಿಲ್ಲ." ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೇಳಿದೆ. ಒಬ್ಬ ಹೆಂಗಸು ಅಡಿಗೆಮನೆಯಲ್ಲಿ ತನಗಷ್ಟೇ ಹಾಡಿಕೊಂಡಂತೆ ಹಾಡುತ್ತಿದ್ದಳು. ಎರಡು ಬಸ್ಸು ಹೋದವು. ಮೂರನೆಯದನ್ನು ಹತ್ತಿದೆ. ಬೆಳಿಗ್ಗೆ ಕೇಳಿದ್ದರೆ ನಿಜಕ್ಕೂ ಹಿಡಿಸುತ್ತಿರಲಿಲ್ಲ.

ಗಂಡನಿಗೂ ಕೇಳಿಸಿದಳು, ಒಂದಲ್ಲ ಹನ್ನೆರಡು ಹಾಡು. ಹುಲಿಗೇಶ ಪ್ರತಿ ಸಲವೂ ಪ್ರೀತಿಯಿಂದಲೇ ಕೇಳಿ, "ಬೆಕ್ಕು ಜಗಳ ಆಡಿದಂಗ ಐತಿ ಬಿಡಲೇ," ಎಂದು ವೈರು ತೆಗೆದುಕೊಟ್ಟ. ಇವತ್ತಿಗೂ ಅವನ ಅಭಿಪ್ರಾಯ ಅದೇ.

ಡಯಾಲಿಸಿಸ್ ಕೋಣೆಗೆ ಹಾಡು ಬಂದದ್ದು ಮಾತ್ರ ಅವಳು ಯೋಚಿಸಿ ತಂದದ್ದಲ್ಲ. ಬೆಳಿಗ್ಗೆ ಮಷೀನು ಸಿದ್ಧಮಾಡುವಾಗ ಫೋನನ್ನು ಕಿಟಕಿಯಲ್ಲಿಟ್ಟು ಸಣ್ಣ ದನಿಯಲ್ಲಿ ಹಾಕಿಕೊಂಡಿದ್ದಳು. ಮೂರನೇ ಹಾಸಿಗೆಯ ಹಂಪಣ್ಣ ಬೇಗನೆ ಬಂದುಬಿಟ್ಟಿದ್ದ.

ಹಂಪಣ್ಣ ದಢೇಸುಗೂರಿನವನು. ಅರವತ್ತೆರಡು ವರ್ಷ, ಕಾಲುವೆಯ ಬದಿಗೇ ಭತ್ತದ ಗದ್ದೆ. ಸೋಮವಾರ ಸಂಜೆ ಊರಿನ ಮಠದ ಭಜನೆಯಲ್ಲಿ ಮೊದಲ ದನಿ ಅವನದು. ಸಿಂಧನೂರಿನಲ್ಲಿ ಹಾಸಿಗೆ ಖಾಲಿ ಇರಲಿಲ್ಲವೆಂದು ಎರಡು ಬಸ್ಸು ಬದಲಿಸಿ ಹೆಂಡತಿಯೊಂದಿಗೆ ಇಲ್ಲಿಗೆ ಬರುತ್ತಿದ್ದ. ಮೊದಲ ದಿನವೇ ಅಂಬಿಕಾಳನ್ನು, "ಯಾವೂರವ್ವ? ಯಾರ ಪೈಕಿ?" ಎಂದು ಕೇಳಿದ್ದ. ಅವಳು, "ಮಸ್ಕಿ. ಹಟ್ಟಿ ಬಸ್ಸಪ್ಪನ ಮಗಳು," ಎಂದಿದ್ದಳು. ಅವನ ಕಣ್ಣು ಅವಳ ಕೊರಳಿನ ಬುದ್ಧನ ಪದಕದ ಮೇಲೆ ಒಂದು ಗಳಿಗೆ ನಿಂತಿತ್ತು. ಆಮೇಲೆ ಏನೂ ಕೇಳದೆ ಕೈ ಚಾಚಿದ್ದ. ಅಲ್ಲಿಂದ ನಾಲ್ಕು ತಿಂಗಳು ಅವರ ನಡುವೆ ಸೂಜಿಯ ಮಾತು, ನೀರಿನ ಮಾತು ಬಿಟ್ಟು ಬೇರೆ ಇರಲಿಲ್ಲ. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಅವನಿಗೆ ವರ್ಜ್ಯ. ಮನೆ ಮುಂದೆ ತುಂಬಿ ಹರಿಯುವ ಕಾಲುವೆ, ಬಾಯಲ್ಲಿ ಒಂದು ಐಸಿನ ತುಣುಕು. ಮಧ್ಯಾಹ್ನ ಹೊತ್ತು ಕಾಲುವೆಯ ಮೆಟ್ಟಿಲ ಮೇಲೆ ಪಾದ ಇಳಿಬಿಟ್ಟು ಕೂಡುತ್ತಾನಂತೆ. ಕೇಳಿದರೆ, "ನನಗಂತೂ ಇಲ್ಲ, ಕಾಲಾದ್ರೂ ಕುಡೀಲಿ," ಅನ್ನುತ್ತಾನಂತೆ.

ಆ ಬೆಳಿಗ್ಗೆ ಅವನು ಬಾಗಿಲಲ್ಲೇ ನಿಂತು ಕಿವಿಗೊಟ್ಟ.

"ಏನವ್ವಾ ಅದು? ಜೋಗತ್ಯಾರು ಚೌಡಿಕಿ ಬಾರಿಸಿದಂಗ ಐತಿ."

ಅಂಬಿಕಾ ಗಾಬರಿಯಾಗಿ ಫೋನಿಗೆ ಕೈಹಾಕಿದಳು. "ಬಂದ್ ಮಾಡ್ತೀನ್ರಿ ಸಾವ್ಕಾರ್ರ."

"ಬಂದ್ ಯಾಕ? ಇರಲಿ. ಜರಾ ದೊಡ್ಡದು ಮಾಡು."

ಆ ದಿನ ನಾಲ್ಕು ತಾಸಿನಲ್ಲಿ ಅವನು ಗಡಿಯಾರ ನೋಡಲಿಲ್ಲ. ಮುಂದಿನ ಸಲ ತಾನೇ ಕೇಳಿದ, "ಆ ಹಾಡಿನವರು ಬಂದಾರೇನು?" ಅಂಬಿಕಾಗೆ ಇಷ್ಟು ಸಾಕಾಗಿತ್ತು. ಅವಳು ಒಂದು ಪಾಕೆಟ್ ನೋಟುಬುಕ್ಕು ಮಾಡಿದಳು. ಅದರಲ್ಲಿ ಹಾಡಿನ ಹೆಸರಿನ ಮುಂದೆ ಅದು ಯಾವ ಹೊತ್ತಿನದು ಎಂದು ಬರೆದಿಟ್ಟಳು. ಸೂಜಿ ಚುಚ್ಚುವಾಗ ಎರಡು ದನಿ ಸೇರಿ ಹಾಡುವ ಹಾಡು. ಎರಡನೇ ತಾಸಿಗೆ, ಕಣ್ಣು ಎಳೆಯುವಾಗ, ಕೂಡೋ ಹಾಡು. ಕೊನೆಯ ತಾಸಿನಲ್ಲಿ ಮೈಯ ನೀರು ಇಳಿದು ಮೀನಖಂಡ ಗಂಟು ಕಟ್ಟುತ್ತದೆ, ದೊಡ್ಡ ಗಂಡಸರೂ ಚೀರುತ್ತಾರೆ. ಆಗ ಕಾಲು ಒತ್ತುತ್ತಾ ಓಡೋ ಹಾಡು. ನೋವು ಇಳಿಯುವುದು ಕಾಲು ಒತ್ತಿದ್ದರಿಂದಲೋ ಹಾಡಿನಿಂದಲೋ ಅವಳೂ ಹೇಳಲಾರಳು.

ಐದನೇ ಹಾಸಿಗೆಯಲ್ಲಿ ವಸೀಮಾ ಇದ್ದಳು. ಲಿಂಗಸುಗೂರಿನವಳೇ, ಇಪ್ಪತ್ನಾಲ್ಕು ವರ್ಷ, ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಇಂಗ್ಲಿಷ್ ಮೇಜರು ತೆಗೆದುಕೊಂಡು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಕಾಯಿಲೆ ಬಂದು ಕಾಲೇಜು ಬಿಟ್ಟಿದ್ದಳು. ಅವಳಿಗೆ ಓಡೋ ಹಾಡು ಬೇಡ. "ಅಕ್ಕಾ, ಮೊನ್ನಿ ಟ್ರಕ್ಕಿನಾಕಿ ಹಾಡು ಹಾಕ್ರಿ," ಅನ್ನುತ್ತಿದ್ದಳು. ಟ್ರಕ್ಕು ಓಡಿಸುವ ಹೆಂಗಸೊಬ್ಬಳು ಬೆಳಗಿನ ಜಾವ ಯಾವುದೋ ಊರು ದಾಟುತ್ತಾ ಆ ಊರಿನ ಕಿಟಕಿಗಳನ್ನು ನೋಡುವ ಹಾಡು. ವಸೀಮಾ ಕಣ್ಣುಮುಚ್ಚಿಕೊಂಡೇ ಸಾಲು ಸಾಲಾಗಿ ಅರ್ಥ ಹೇಳುತ್ತಿದ್ದಳು. ಆಗ ಉಳಿದ ನಾಲ್ಕು ಹಾಸಿಗೆಯವರೂ ಆ ಊರು ದಾಟುತ್ತಿದ್ದರು.

ಆ ಹಾಡಿನ ದೇಶ ಹೇಗಿರಬಹುದೆಂದು ಒಂದು ಮಧ್ಯಾಹ್ನ ಮಾತು ಬಂತಂತೆ. ಮುದಗಲ್ಲಿನ ಕೋಟೆಯ ಬಂಡೆಗಳ ಮೇಲೆಲ್ಲ ಹುಲ್ಲು ಹಬ್ಬಿ, ಅದರಲ್ಲಿ ಮಂಜು ನಿಂತ ಹಾಗೆ ಎಂದಳು ವಸೀಮಾ. ಬೇಸಿಗೆ ಮುಗಿದು ಕಾಲುವೆಗೆ ಮೊದಲ ನೀರು ಬಿಟ್ಟ ಬೆಳಿಗ್ಗೆಯ ಹಾಗೆ ಎಂದ ಹಂಪಣ್ಣ. ಅಂಬಿಕಾಳ ಕಣ್ಣಲ್ಲಿ ಮಸ್ಕಿಯ ಗುಡ್ಡವಿತ್ತು, ಮಳೆ ನಿಂತ ಮೇಲಿನ ಗುಡ್ಡ, ಅದರ ತುದಿಯಲ್ಲಿ ಯಾರೋ ಪಿಟೀಲು ಹಿಡಿದು ಕೂತಿದ್ದರು. ಮಷೀನುಗಳು ಒಂದೇ ಸಮ ಗುಂಯ್ ಅನ್ನುತ್ತಿದ್ದವು. ಕೆಂಪು ಕೊಳವೆಗಳಲ್ಲಿ ಐವರ ರಕ್ತ ಹೊರಟು, ತಿರುಗಿ, ವಾಪಸು ಬರುತ್ತಿತ್ತು. ಫ್ಯಾನಿನ ಗಾಳಿಗೆ ಪರದೆ ಉಬ್ಬುವುದು, ಇಳಿಯುವುದು. ಎಲ್ಲರೂ ಎಚ್ಚರವಿದ್ದೂ ಕನಸಿನಲ್ಲಿದ್ದರು.

ಕಾರ್ತಿಕ ಮಾಸ ಬಂತು. ಹಂಪಣ್ಣ ಒಂದು ಓಡೋ ಹಾಡಿಗೆ ಮನಸೋತಿದ್ದ. ಬ್ಯಾಂಜೊ ಮಳೆಯ ಹಾಗೆ ಸುರಿಯುವುದು, ಇಬ್ಬರು ಗಂಡಸರು ದನಿಗೆ ದನಿ ಜೋಡಿಸಿ ಏರುವುದು. "ರಿವರ್ ಅಂತಾರಲ್ಲ, ಹೊಳಿ. ಅಷ್ಟು ತಿಳೀತು. ಇದು ಹೊಳಿ ಪೂಜಿ ಹಾಡ ಇರಬೇಕು," ಎಂದ. "ನನ್ನ ಫೋನಿಗೆ ಹಾಕಿಕೊಡವ್ವಾ. ಸೋಮವಾರ ಮಠದಾಗ ಕೇಳಸ್ತೀನಿ."

ವಸೀಮಾ ಆ ದಿನ ಬಂದಿರಲಿಲ್ಲ. ಅರ್ಥ ಕೇಳಲು ಯಾರೂ ಇರಲಿಲ್ಲ. ಅಂಬಿಕಾ ಹಾಕಿಕೊಟ್ಟಳು. ಅವನು ತನ್ನ ಹಾಡನ್ನು ಮಠಕ್ಕೆ ಒಯ್ಯುತ್ತಾನಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಅದನ್ನು ನನಗೂ ಬಸ್ಸಿನಲ್ಲಿ ಎರಡು ಸಲ ಹೇಳಿದಳು.

ಸೋಮವಾರ ಭಜನೆ ಮುಗಿದ ಮೇಲೆ ಹಂಪಣ್ಣ ಫೋನನ್ನು ಮಠದ ಸ್ಪೀಕರಿಗೆ ಜೋಡಿಸಿದ. ತಾಳದವರು ಎರಡು ನಿಮಿಷದಲ್ಲಿ ಲಯ ಹಿಡಿದರು. ಜನ ತಲೆದೂಗಿದರು. ಕಂಬದ ಪಕ್ಕ ಅವನ ತಮ್ಮ ಪಂಪಣ್ಣನೂ ಕೂತಿದ್ದ. ಅಣ್ಣತಮ್ಮಂದಿರ ನಡುವೆ ಆರು ವರ್ಷದಿಂದ ಮಾತಿಲ್ಲ. ಕಾಲುವೆ ಬದಿಯ ಒಂದು ಬದುವಿನ ತಕರಾರು, ಎರಡು ಮಾರು ಅಗಲದ್ದು. ಪಂಪಣ್ಣನ ಮಗಳು ಅನುಪಮಾ ಸಿಂಧನೂರಿನಲ್ಲಿ ಡಿಗ್ರಿ ಓದುವವಳು. ಅವಳು ಕಿವಿಗೊಟ್ಟು ಕೇಳಿ, ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಪಂಪಣ್ಣ ಎದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎಲ್ಲರ ಎದುರಿಗೇ ಹೊರಗೆ ಹೋದ.

ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅಣ್ಣನೊಬ್ಬ ಹೊಲದ ಬೇಲಿ ನೋಡೋಣ ಬಾ ಎಂದು ತಮ್ಮನನ್ನು ಹೊಳೆಯ ದಂಡೆಗೆ ಕರೆದೊಯ್ದು, ನೀರಿಗೆ ತಳ್ಳಿ, ಒಬ್ಬನೇ ಮನೆಗೆ ಬರುವ ಹಾಡು ಅದು.

ಮಂಗಳವಾರ ಹಂಪಣ್ಣ ಬಂದ. ಚಪ್ಪಲಿ ಬಿಟ್ಟ, ಮಲಗಿದ, ತೋಳು ಚಾಚಿದ, ಮುಖವನ್ನು ಗೋಡೆಗೆ ತಿರುಗಿಸಿದ. ಅಂಬಿಕಾ ನಗುತ್ತಾ, "ಮಠದಾಗ ಹೆಂಗಾತ್ರಿ?" ಎಂದಳು.

"ನನ್ನ ಮಾನ ಕಳದಿ," ಎಂದ ಗೋಡೆಗೆ. "ಕೊಲಿ ಹಾಡು ಹಚ್ಚಿದಿ ನನ್ನ ಕೈಲಿ. ಅದೂ ಅವನ ಮುಂದ."

ಅವಳಿಗೆ ಏನೂ ತಿಳಿಯಲಿಲ್ಲ. ಅವನ ಹೆಂಡತಿ ಬಸವಣ್ಣೆಮ್ಮ ಹೊರಗಿನ ಬೆಂಚಿನಲ್ಲಿ ಕೂತೇ ನಡೆದದ್ದನ್ನು ಹೇಳಿದಳು. ವಸೀಮಾ ಹಾಡನ್ನು ಮೂರು ಸಲ ಕೇಳಿ, ಪ್ರತಿ ಸಾಲನ್ನೂ ಬಿಡಿಸಿ, "ಹೌದು ಅಕ್ಕಾ, ಅದ ಐತಿ," ಎಂದಳು. ಆ ರಾತ್ರಿ ಅಂಬಿಕಾ ಉಣ್ಣಲಿಲ್ಲವೆಂದು ಬಸ್ಸಪ್ಪ ಆಮೇಲೆ ನನಗೆ ಹೇಳಿದ.

ಕೋಣೆಯಲ್ಲಿ ಹಾಡು ನಿಂತಿತು. ಯಾರು ಕೇಳಿದರೂ, "ಫೋನು ಕೆಟ್ಟೈತ್ರಿ," ಎಂದಳು. ಬಸ್ಸಿನಲ್ಲೂ ಕಿವಿಗೆ ವೈರು ಹಾಕುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ನಾನು ಕೇಳಿಯೇಬಿಟ್ಟೆ.

"ಅಕ್ಕಾ," ಎಂದಳು ಅವಳು ಕಿಟಕಿಯಾಚೆ ನೋಡುತ್ತಾ, "ಔಷಧಿ ಕೊಡಾಕಿ ನಾನು. ಚೀಟಿ ಓದದ ಔಷಧಿ ಕೊಡ್ತೀನೇನು? ಹಾಡು ಅಂದ ಕೂಡ್ಲೆ ಹೆಂಗ ಮರ್ತೆ?"

ಚಳಿಗಾಲ ಹಾಗೇ ಕಳೆಯಿತು. ಹಂಪಣ್ಣ ಭಜನೆಗೆ ಹೋಗುವುದನ್ನೂ ಬಿಟ್ಟ. ಮಷೀನುಗಳ ಗುಂಯ್ ಸದ್ದು ಈಗ ಎಲ್ಲರಿಗೂ ಕೇಳಿಸುತ್ತಿತ್ತು. ಗಡಿಯಾರದ ಮುಳ್ಳು ಮತ್ತೆ ನಿಧಾನವಾಯಿತು.

ಏಪ್ರಿಲ್ ತಿಂಗಳು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ನೆರಳೇ ಕಾದಿರುತ್ತದೆ. ಒಂದು ಶುಕ್ರವಾರ ಅಂಬಿಕಾ ಬಾಗಿಲು ತೆರೆದಾಗ ಬಸವಣ್ಣೆಮ್ಮ ಹೊರಗಿನ ಬೆಂಚಿನ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಗೋಡೆಗೊರಗಿದ್ದಳು. ಒಂದು ವರ್ಷದಿಂದ ಆ ಹೆಂಗಸು ವಾರಕ್ಕೆ ಎರಡು ದಿನ ಅದೇ ಬೆಂಚಿನಲ್ಲಿ ಕೂತಿದ್ದಾಳೆ, ತಾನು ಒಮ್ಮೆಯೂ ಅವಳಿಗೊಂದು ಹಾಡು ಕೇಳಿಸಿಲ್ಲ ಎಂಬುದು ಅಂಬಿಕಾಗೆ ಆಗ ಹೊಳೆಯಿತು.

"ಒಳಗ ಬರ್ರಿ ಯವ್ವಾ, ಫ್ಯಾನಿನ ಕೆಳಗ ಕುಂದರ್ರಿ."

ಬಸವಣ್ಣೆಮ್ಮ ಗಂಡನ ಹಾಸಿಗೆಯ ಬದಿಗೆ ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, "ಯವ್ವಾ, ಆ ಹಾಡು ಐತೇನು ಇನ್ನ?" ಎಂದಳು.

"ಯಾವುದ್ರಿ?"

"ಅದ. ಮಠದಾಗ ಹಚ್ಚಿದ್ದು. ಹೆಣ್ಣುಮಕ್ಕಳು ಹೊರಗ ಪ್ರಸಾದ ಮಾಡಾಕತ್ತಿದ್ವಿ, ನಾ ಕೇಳಿಲ್ಲ. ಎಲ್ಲಾರೂ ಬೈದ ಹಾಡು ಹೆಂಗಿರತೈತಿ ನೋಡೂನು."

ಅಂಬಿಕಾ ಹಂಪಣ್ಣನ ಕಡೆ ನೋಡಿದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೇಡವೆನ್ನಲಿಲ್ಲ. ಅವಳು ಸಣ್ಣ ದನಿಯಲ್ಲಿ ಹಾಕಿದಳು. ಬಸವಣ್ಣೆಮ್ಮ ಕೈಯನ್ನು ಗದ್ದಕ್ಕೆ ಕೊಟ್ಟು ಕೊನೆತನಕ ಕೇಳಿದಳು. ವಸೀಮಾ ಐದನೇ ಹಾಸಿಗೆಯಿಂದ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ಅಣ್ಣ ಮನೆಗೆ ಬರುತ್ತಾನೆ. ತಮ್ಮ ಎಲ್ಲಿ ಎಂದು ತಾಯಿ ಕೇಳುತ್ತಾಳೆ. ಆಚೆ ದಂಡೆಯಲ್ಲಿ ಬಿತ್ತುತ್ತಿದ್ದಾನೆ ಅನ್ನುತ್ತಾನೆ. ತಾಯಿ ಬಾಗಿಲು ಹಾಕುವುದಿಲ್ಲ.

"ಅಯ್ಯ, ಇದು ಕೊಲಿ ಹಾಡೇನು?" ಎಂದಳು ಬಸವಣ್ಣೆಮ್ಮ. "ಇದು ತಾಯಿ ಹಾಡು. ನಮ್ಮತ್ತಿ ಬೀಸಾಕ ಕುಂತ್ರ ಇದನ್ನ ಹಾಡ್ತಿದ್ಲು."

ಆಮೇಲೆ ಅವಳು ಹಾಡಿದಳು. ಎಪ್ಪತ್ತು ಭಜನೆ ಬರುವ ಗಂಡನ ಎದುರಿಗೆ ಅವಳು ದನಿ ತೆಗೆದದ್ದು ಅದೇ ಮೊದಲೋ ಏನೋ. ಒರಟು ದನಿ, ಕಲ್ಲಿನ ಮೇಲೆ ಕಲ್ಲು ತಿರುಗಿದ ಹಾಗೆ.

ಒಡಹುಟ್ಟಿದವನ ಕರೆದೊಯ್ದ ಹೊಳಿದಂಡಿಗೆ
ಹೊಡಮರಳಿ ಬಂದಾನ ಒಬ್ಬಾನ, ಹಡೆದವ್ವ
ಎಡೆಯೆರಡು ಬಡಿಸಿ ಕಾದಾಳ

ಹಂಪಣ್ಣ ಗೋಡೆಯ ಕಡೆಯಿಂದ ಈಚೆ ಹೊರಳಲು ಹೋದ. ಸೂಜಿಯ ಕೈ ಅಲುಗಬಾರದೆಂದು ಅಂಬಿಕಾ ಹಿಡಿದುಕೊಂಡಳು.

"ಇದನ್ನ ಹಾಡೂವಾಗ ಅವ್ವನ ಈ ತೊಡಿಮ್ಯಾಲ ನಾನು, ಆ ತೊಡಿಮ್ಯಾಲ ಅವ," ಎಂದ. "ಹಿಟ್ಟು ಹಾರಿ ಇಬ್ರ ತಲಿನೂ ಬೆಳ್ಳಗ ಆಗ್ತಿತ್ತು. ಅವ ನಗ್ತಿದ್ದ, ಮುದುಕ ಆಗ್ಯಾನ ನೋಡವ್ವಾ ಅಣ್ಣ, ಅಂತ." ಅವಳ ಕಡೆ ತಿರುಗಿ, "ಅಂಬಿಕಾ, ಫೋನು ಹಚ್ಚಿಕೊಡು. ಪಂಪಣ್ಣಗ," ಎಂದ.

ಅವಳ ಹೆಸರು ಹಿಡಿದು ಅವನು ಕರೆದದ್ದು ಅಂದೇ ಮೊದಲು.

ಫೋನು ಸ್ಪೀಕರಿನಲ್ಲಿತ್ತು. ಆ ಕಡೆಯಿಂದ, "ಯಾರು?" ಎಂದಿತು ದನಿ.

"ನಾನು. ಹಂಪಣ್ಣ. ಆ ಹಾಡಿನ ಅರ್ಥ ನನಗ ಗೊತ್ತಿರಲಿಲ್ಲ ತಮ್ಮಾ."

ಹಿಂದೆ ಎಲ್ಲೋ ಟ್ರ್ಯಾಕ್ಟರು ಓಡುತ್ತಿತ್ತು.

"ಗೊತ್ತಿರಲಿಲ್ಲಂತ ನನಗ ಗೊತ್ತಿತ್ತು," ಎಂದ ಪಂಪಣ್ಣ. "ಇಂಗ್ಲಿಷ್ ನಿನಗೆಲ್ಲಿ ಬರತೈತಿ?"

"ಮತ್ತ ಯಾಕ ಎದ್ದು ಹೋದಿ?"

"ಅವ್ವ ನೆನಪಾದ್ಲು."

ಅಷ್ಟೇ. ಬದುವಿನ ಮಾತು ಬರಲಿಲ್ಲ. ಈಗಲೂ ಆ ಎರಡು ಮಾರು ಜಾಗ ಯಾರದೆಂದು ತೀರ್ಮಾನವಾಗಿಲ್ಲ. ಆದರೆ ಮುಂದಿನ ಮಂಗಳವಾರ ಅಣ್ಣನನ್ನು ಸಿಂಧನೂರು ಬಸ್‌ಸ್ಟ್ಯಾಂಡಿನತನಕ ಬೈಕಿನ ಮೇಲೆ ಕರೆದುಕೊಂಡು ಬಂದವನು ಪಂಪಣ್ಣ. ಬಸ್ಸು ಹೊರಡುವತನಕ ಕಿಟಕಿಯ ಕೆಳಗೆ ನಿಂತಿದ್ದ. ಇದನ್ನು ನಾನೇ ಕಂಡೆ. ಅವರು ಬೇಗನೆ ಹೋಗಬೇಕೆಂದು ನಾನು ಹೋಗುವ ಬಸ್ಸಿಗೇ ಹತ್ತಿದ್ದರು.

ಅಂಬಿಕಾಳ ಫೋನು ಸರಿಯಾಯಿತು. ಹಾಡು ಮತ್ತೆ ಬಂತು, ಒಂದು ಬದಲಾವಣೆಯೊಂದಿಗೆ. ಹೊಸ ಹಾಡು ಯಾವುದೇ ಸಿಗಲಿ, ಮೊದಲು ಅವಳು, ವಸೀಮಾ ಕೂತು ಅರ್ಥ ಬಿಡಿಸುತ್ತಿದ್ದರು. ಆಮೇಲೆ ಕೋಣೆಯಲ್ಲಿ ಕತೆ ಹೇಳಿ, ಆಮೇಲೆ ಹಾಡು. "ಇದರಾಗ ಒಬ್ಬ ಸಾಯ್ತಾನ, ನಡೀತೈತೇನ್ರಿ?" ಎಂದು ಮೊದಲೇ ಕೇಳುತ್ತಿದ್ದಳು. ಸಾಯುವ ಹಾಡೇ ಬೇಕೆನ್ನುವವರು ಹೆಚ್ಚಾದರು. ಹೆದರಿಕೆಯಾಗುತ್ತದೆಂದು ಅವಳು ಅಡಗಿಸಿಟ್ಟುಕೊಂಡ ಹಾಡುಗಳನ್ನೇ ಅವರು ಹೆಚ್ಚು ಪ್ರೀತಿಸಿದರು. ದಿನಾ ಸಾವಿನ ಪಕ್ಕದಲ್ಲಿ ಮಲಗುವವರಿಗೆ ಹಾಡಿನ ಸಾವು ಯಾವ ಲೆಕ್ಕ ಎಂದಳು ವಸೀಮಾ. ಮೇ ತಿಂಗಳಲ್ಲಿ ಅವಳ ತಾಯಿ ದಾವಲ್‌ಬೀ ಮಗಳಿಗೆ ತನ್ನ ಒಂದು ಕಿಡ್ನಿ ಕೊಟ್ಟಳು. ಈಗ ವಸೀಮಾ ಮನೆಯಲ್ಲಿದ್ದಾಳೆ, ಮತ್ತೆ ಹೊಲಿಗೆ ಹಿಡಿದಿದ್ದಾಳೆ. ಅಂಬಿಕಾ ಕಳಿಸಿದ ಹಾಡಿನ ಅರ್ಥ ವಾಟ್ಸಾಪಿನಲ್ಲಿ ದನಿಯಾಗಿ ಬರುತ್ತದೆ, ಹಿಂದೆ ಹೊಲಿಗೆ ಮಷೀನಿನ ಟಕಟಕ.

ಜುಲೈನಲ್ಲಿ ಸಿಂಧನೂರಿನಲ್ಲಿ ಹಾಸಿಗೆ ಖಾಲಿಯಾಯಿತು. ಹಂಪಣ್ಣ ಅಲ್ಲಿಗೆ ಬದಲಾದ. ಅವನು ಹೋದ ವಾರವೇ ಅಲ್ಲಿನ ಟೆಕ್ನಿಷಿಯನ್ ಸಂಗನಬಸವ ಫೋನು ಮಾಡಿದ. "ಮೇಡಂ, ಇವರು ಎರಡನೇ ತಾಸಿಗೆ ಏನೋ ಕೂಡೋ ಹಾಡು ಬೇಕಂತಾರ. ನಿಮಗ ಗೊತ್ತೈತಂತ, ಹೌದೇನ್ರಿ?" ಅಂಬಿಕಾ ಅರ್ಧ ತಾಸು ಅವನೊಂದಿಗೆ ಮಾತಾಡಿದಳು. ಬಸ್ಸಿಳಿದು ದವಾಖಾನೆಯ ಗೇಟಿನಲ್ಲಿ ನಿಂತು ಇನ್ನೂ ಮಾತಾಡುತ್ತಿದ್ದಳು.

ಆಗಸ್ಟಿನ ಒಂದು ಭಾನುವಾರ ಬಸವಣ್ಣೆಮ್ಮ ಊಟಕ್ಕೆ ಕರೆದಳು. ಅಂಬಿಕಾ ನನ್ನನ್ನೂ ಕರೆದುಕೊಂಡು ಹೋದಳು. ಕಾಲುವೆ ತುಂಬಿತ್ತು. ನಾಟಿ ಮುಗಿದ ಗದ್ದೆಗಳಲ್ಲಿ ನೀರು, ನೀರಿನಲ್ಲಿ ಮೋಡ, ಮೋಡದ ನಡುವೆ ಎಳೆ ಹಸಿರು. ಅಂಬಿಕಾ ಪಡಸಾಲೆಯಲ್ಲೇ ಕೂಡಲು ಹೋದಾಗ ಬಸವಣ್ಣೆಮ್ಮ ಅವಳ ಮೊಣಕೈ ಹಿಡಿದು, "ಅಲ್ಲ್ಯಾಕ? ಒಳಗ ಬಾ, ರೊಟ್ಟಿ ಬಿಸಿ ಅದಾವ," ಎಂದು ಅಡಿಗೆಮನೆಗೆ ಕರೆದೊಯ್ದು ಒಲೆಯ ಪಕ್ಕ ಕೂಡಿಸಿದಳು. ಹಂಪಣ್ಣ ತಾನೂ ಬಂದು ಎದುರಿಗೆ ಕೂತ. ಅವನು ಮೊದಲಿಗಿಂತ ಸೊರಗಿದ್ದ, ಆದರೆ ಸೋಮವಾರದ ಭಜನೆಗೆ ಮತ್ತೆ ಹೋಗುತ್ತಿದ್ದ. ಆ ಓಡೋ ಹಾಡಿನ ಧಾಟಿಗೆ ತಾನೇ ಶಿವನ ಮೇಲೆ ಪದ ಕಟ್ಟಿದ್ದಾನಂತೆ. ಹಾಡಲು ಕೇಳಿದರೆ ನಾಚಿಕೊಂಡು, "ಇನ್ನ ಕೂಡಿಲ್ಲ," ಎಂದ.

ಸಂಜೆ ಬಸ್ಸಿಗೆ ಕಾಯುತ್ತಾ ನಾವು ಕಾಲುವೆಯ ಏರಿಯ ಮೇಲೆ ನಿಂತಿದ್ದೆವು. ಪಂಪಣ್ಣನ ಮಗಳು ಅನುಪಮಾ ಸೈಕಲ್ಲು ತಳ್ಳಿಕೊಂಡು ಬಂದು ನಿಂತಳು. ಏನೋ ಕೇಳಬೇಕೆಂದು ಬಂದವಳ ಹಾಗಿದ್ದಳು.

"ಆಂಟಿ, ನೀವು ಎಲ್ಲಾರಿಗೂ ಹಾಡು ಆರಿಸಿ ಕೊಡ್ತೀರಂತ," ಎಂದಳು ಕೊನೆಗೆ. "ನನಗ ಯಾವುದು ಕೇಳು ಅಂತೀರಿ?"

ಅಂಬಿಕಾ, "ನೀ ಒಬ್ಬಾಕಿ ಇರೂದು ಯಾವಾಗ?" ಎಂದು ಕೇಳಿದಳು.

ಅನುಪಮಾ ಯೋಚಿಸಿದಳು. "ಮುಂಜಾನೆ. ಕಾಲೇಜಿನ ಬಸ್ಸಿಗೆ ಹೋಗೂವಾಗ ಈ ಏರಿಮ್ಯಾಲ ಸೈಕಲ್ ಹೊಡೀತೀನಲ್ಲ, ಅವಾಗ. ಕೊಕ್ಕರೆ ಬಿಟ್ರ ಯಾರೂ ಇರೂದಿಲ್ಲ."

"ಗಾಳಿ ಎದುರಿಗೆ ಬರತೈತೋ, ಹಿಂದಿನಿಂದಾನೋ?"

"ಎದುರಿಗೆ."

ಬಸ್ಸು ಬಂತು. ಅಂಬಿಕಾ ಅನುಪಮಾಳ ಫೋನ್ ನಂಬರು ತೆಗೆದುಕೊಂಡಳು, ಹತ್ತಿ ಕೂತೆವು. ಗದ್ದೆಯ ನೀರಿನಲ್ಲಿ ಸೂರ್ಯ ನಮ್ಮ ಜೊತೆಗೇ ಓಡುತ್ತಿದ್ದ. ಅಂಬಿಕಾ ಹಣೆಯನ್ನು ಕಿಟಕಿಯ ಕಂಬಿಗೆ ಆನಿಸಿಕೊಂಡು, ಒಂದೊಂದೇ ಹಾಡನ್ನು ಮನಸ್ಸಿನಲ್ಲಿ ನುಡಿಸಿ ನೋಡಿ ಬದಿಗಿಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಸಿಂಧನೂರಿನ ದೀಪಗಳು ಕಾಣುವ ಹೊತ್ತಿಗೆ ನೆಟ್ಟಗೆ ಕೂತು, ಬ್ಯಾಗಿನಲ್ಲಿ ಫೋನಿಗಾಗಿ ಕೈಯಾಡಿಸತೊಡಗಿದಳು.